ಹಿರಿಯಡ್ಕದ ಮಣೆ

ನನ್ನ ಮಾವ ಗುಣಪಾಲರು ಬೋಟಿಗೆ ಹೋಗುವುದನ್ನು ನಿಲ್ಲಿಸಿದ್ದು ಮೊಣಕಾಲಿನ ನೋವಿನಿಂದ. ನಮ್ಮ ಮನೆಯ ನೆಮ್ಮದಿ ಹೋದದ್ದೂ ಅದೇ ಮೊಣಕಾಲಿನಿಂದ. ಎಷ್ಟೋ ವರ್ಷ ಮಲ್ಪೆಯಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟಿನ ಚುಕ್ಕಾಣಿಯೂ ಅವರದ್ದೇ, ಹುಕುಮೂ ಅವರದ್ದೇ. ಕಡಲಿನಲ್ಲಿ ಬೋಟಿನವರೆಲ್ಲ ಕೇಳುತ್ತಿದ್ದ ಆ ಬಾಯಿಗೆ ಕಾಪುವಿನ ಮನೆಯಲ್ಲಿ ಸಿಕ್ಕಿದ್ದು ಮೂರು ಹೆಂಗಸರು. ಮಾವನ ತಾಯಿ ಅಮ್ಮಣ್ಣಿ ಅಜ್ಜಿ, ನನ್ನ ಅತ್ತೆ ಕುಶಲಾ, ಮತ್ತೆ ಸೊಸೆ ಹರ್ಷಿಣಿ, ಅಂದರೆ ನಾನು. ನನ್ನ ಗಂಡ ಜಿತೇಂದ್ರ ಬೇರೆಯವರ ಬೋಟಿನಲ್ಲಿ ಹತ್ತು ದಿನ ಕಡಲಿನಲ್ಲಿ, ಎರಡು ದಿನ ಮನೆಯಲ್ಲಿ. ಆ ಎರಡು ದಿನವೂ ನಿದ್ದೆಯೇ.

ಮಾವ ಮೊದಲು ಮೊಬೈಲಿನಲ್ಲಿ ಬೋಟಿನ ವೀಡಿಯೊ ನೋಡುತ್ತಿದ್ದರು. ಬೋಟು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು ತೋಟದ ವೀಡಿಯೊಗೆ ಇಳಿದರು. ಅದರಲ್ಲಿ ಯಾರೋ ಒಬ್ಬ ಗಡ್ಡದವನು ತಾನು ವರ್ಷದಿಂದ ಅಂಗಡಿಯ ಮೆಟ್ಟಿಲು ಹತ್ತಿಲ್ಲ ಎಂದು ಹೇಳಿಕೊಂಡು ಬದನೆ ಕೊಯ್ಯುತ್ತಿದ್ದ. ಅವನ ಹಿಂದೆ ಒಬ್ಬಳು ಹೆಂಗಸು ಬಗ್ಗಿ ಪಾತ್ರೆ ತೊಳೆಯುತ್ತಿದ್ದಳು. ಅವಳು ಯಾರು, ಎಂತ ಎಂದು ವೀಡಿಯೊದಲ್ಲಿ ಹೇಳಲಿಲ್ಲ. ಮಾವ ಅದನ್ನು ಊಟದ ಹೊತ್ತಿಗೆ ಜೋರಾಗಿ ಇಟ್ಟು ನಮಗೂ ಕೇಳಿಸಿದರು. ಸ್ವಾವಲಂಬಿ ಬದುಕು ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ದಿನಾ ಬಟ್ಟಲಿಗೆ ಬೀಳತೊಡಗಿತು. ಕಡಲು ಇನ್ನು ನಮ್ಮನ್ನು ಸಾಕುವುದಿಲ್ಲ, ಮಣ್ಣು ಸಾಕುತ್ತದೆ ಎಂದರು. ಬೋಟಿನಲ್ಲಿದ್ದ ತಮ್ಮ ಪಾಲನ್ನು ಮಾರಿ ಹಣವನ್ನು ಬ್ಯಾಂಕಿನಲ್ಲಿಟ್ಟು, ಕಾರ್ಕಳದ ಕಡೆ ಜಾಗ ನೋಡಲು ಹೊರಟರು.

ಆಗಲೂ ನಮ್ಮ ಮನೆಗೆ ಅಕ್ಕಿ, ತೆಂಗಿನೆಣ್ಣೆ, ಕರೆಂಟು ಬಿಲ್ಲು, ಆ ಗಡ್ಡದವನನ್ನು ನೋಡಲು ಬೇಕಾದ ಮೊಬೈಲಿನ ರೀಚಾರ್ಜು, ಎಲ್ಲ ಬರುತ್ತಿದ್ದದ್ದು ಅತ್ತೆಯ ಮೀನಿನ ಬುಟ್ಟಿಯಿಂದ. ಮಣಿಪಾಲದ ಒಂದು ಲ್ಯಾಬಿನ ಬಿಲ್ಲಿನ ಕೌಂಟರಿನಲ್ಲಿ ಕೂತು ನಾನು ತರುವ ಸಂಬಳ ನಮ್ಮ ಸಾಲದ ಕಂತಿಗೆ ಸರಿಯಾಗುತ್ತಿತ್ತು. ಮಾವ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಬುಟ್ಟಿಯಿಂದ ಬಂದದ್ದು ಗಾಳಿಯ ಹಾಗೆ ತಾನಾಗಿ ಬರುತ್ತದೆ ಎಂದು ಅವರ ಎಣಿಕೆ.

ಅತ್ತೆ ಬೆಳಕು ಹರಿಯುವ ಮೊದಲು ಮಲ್ಪೆಯ ಬಂದರಿನ ಏಲಮಿನಲ್ಲಿ ಮೀನು ಕೊಂಡು, ಬೇರೆ ಹೆಂಗಸರ ಜೊತೆ ಟೆಂಪೊ ಹತ್ತಿ ಹಿರಿಯಡ್ಕಕ್ಕೆ ಹೋಗುತ್ತಿದ್ದರು. ಅಲ್ಲಿಯ ಮೀನು ಮಾರ್ಕೆಟಿನಲ್ಲಿ ಎರಡನೇ ಕಂಬದ ಬದಿಯ ಜಾಗ ಅವರದ್ದು. ಅದಕ್ಕಿಂತ ಮೊದಲು ಅಮ್ಮಣ್ಣಿ ಅಜ್ಜಿಯದ್ದು. ಆ ಜಾಗಕ್ಕೆ ಚೀಟಿ ಇಲ್ಲ, ರಶೀದಿ ಇಲ್ಲ, ಇರುವುದು ಒಂದು ಮಣೆ. ಬಾಣಂತನವೋ ಸಾವೋ ಆಸ್ಪತ್ರೆಯೋ ಬಂದು ನಾಲ್ಕು ದಿನ ಬರಲಿಕ್ಕಾಗದ ಹೆಂಗಸು ತನ್ನ ಮಣೆಯನ್ನು ಜಾಗದಲ್ಲೇ ಮಗುಚಿ ಹಾಕಿ ಹೋಗುತ್ತಾಳೆ. ಮಗುಚಿದ ಮಣೆಯನ್ನು ಆ ಮಾರ್ಕೆಟಿನಲ್ಲಿ ಯಾರೂ ಮುಟ್ಟುವುದಿಲ್ಲ, ತಿಂಗಳುಗಟ್ಟಲೆ ಆದರೂ ಸರಿ. ಮಣೆಯನ್ನು ಎತ್ತಿಕೊಂಡು ಹೋದರೆ ಮಾತ್ರ ಜಾಗ ಬಿಟ್ಟ ಹಾಗೆ. ಮರುದಿನ ಯಾರು ಮೊದಲು ಬಂದು ಕೂರುತ್ತಾಳೋ ಜಾಗ ಅವಳದ್ದು, ಅದರ ಮೇಲೆ ಜಗಳ ಇಲ್ಲ. ನಮ್ಮ ಮಣೆ ಹಳೆಯ ದೋಣಿಯ ಹಲಗೆಗೆ ಗಿಡ್ಡ ಕಾಲು ಹೊಡೆದು ಮಾಡಿದ್ದು. ಅದರ ಒಂದು ಅಂಚಿನಲ್ಲಿ ಅಜ್ಜಿ ವರ್ಷಾನುಗಟ್ಟಲೆ ಮೀನು ಕೊಯ್ದ ಕತ್ತಿಯ ಕಚ್ಚುಗಳು ಸಾಲಾಗಿ ಉಂಟು.

ಜಾಗ ನೋಡುವ ಭಾನುವಾರಗಳಲ್ಲಿ ಮಾವ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಗಡ್ಡದವನಿಂದ ಕಲಿತದ್ದು, ಎಲ್ಲದಕ್ಕೂ ಹತ್ತರಲ್ಲಿ ಇಷ್ಟು ಎಂದು ಮಾರ್ಕು ಕೊಡುವುದು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಆರು, ಗಾಳಿಗೆ ಮುಖ ಒಡ್ಡಿ ಎಂಟು, ನೆರೆಯವರ ನಾಯಿ ಬೊಗಳಿದರೆ ಎರಡು ಕಡಿಮೆ. ಬೆಳ್ಮಣ್ ಎಂಬಲ್ಲಿಯ ಜಾಗ ಇಳಿಜಾರು ಎಂದು ಫೇಲಾಯಿತು. ಕೊನೆಗೆ ಡಿಸೆಂಬರಿನಲ್ಲಿ ಕುಕ್ಕುಂದೂರಿನ ಒಂದು ಕೆಂಪು ಮುರಕಲ್ಲಿನ ಗುಡ್ಡೆಯ ಮೇಲೆ ಸಿಲ್ವೆಸ್ಟರ್ ಎಂಬವರ ಜಾಗ ಸಿಕ್ಕಿತು. ಒಂದು ಹಂಚಿನ ಮನೆ, ಕೆಲವು ತೆಂಗು, ಎರಡು ಹಲಸು, ಹಿತ್ತಲಿನಲ್ಲಿ ಬಾವಿ. ಸಿಲ್ವೆಸ್ಟರ್ ಮತ್ತು ಅವರ ಹೆಂಡತಿ ಬರ್ತಾ ಮಣಿಪಾಲದಲ್ಲಿ ಫ್ಲಾಟು ತೆಗೆದುಕೊಂಡಿದ್ದರು, ಅವರಿಗೆ ಗುಡ್ಡೆ ಹತ್ತಿ ಸಾಕಾಗಿತ್ತು. ಎಲ್ಲ ಕಡೆ ಹಸಿರು, ಬಾವಿಯಲ್ಲಿ ಕೈಗೆಟಕುವ ಹಾಗೆ ನೀರು.

ನೀರಿನ ಪರೀಕ್ಷೆಗೆ ಮಾವ ತಮ್ಮ ತಾಯಿಯನ್ನು ರಿಕ್ಷಾದಲ್ಲಿ ಕರೆಸಿದ್ದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಪುವಿನ ಕಡಲ ಬದಿಯಲ್ಲಿ ಬಾವಿ ಎಂದರೆ ಎಂತ? ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಎರಡಾಳು ಇಳಿದರೆ ನೀರು, ಮಳೆಗಾಲ ಬೇಸಗೆ ಎಂದಿಲ್ಲ, ಯಾವಾಗಲೂ ಉಂಟು. ಬಾವಿ ಬತ್ತಿತು ಎಂಬುದನ್ನು ನಾವು ಪೇಪರಿನಲ್ಲಿ ಓದಿದ್ದು ಮಾತ್ರ. ನಮ್ಮ ಹೆದರಿಕೆ ಒಂದೇ, ಉಪ್ಪು. ಬೇಸಗೆ ಬಲಿತರೆ ಯಾವ ಬಾವಿ ಉಪ್ಪಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಅಜ್ಜಿ ಚಳಿಗಾಲದಲ್ಲೇ ಒಂದು ಗುಟುಕು ಕುಡಿದು ಹೇಳುತ್ತಿದ್ದರು. ಮದುವೆ ಸಂಬಂಧ ಬಂದರೆ ಆ ಮನೆಯ ನೀರು ಕುಡಿದು ನೋಡಲು ಅಜ್ಜಿಯನ್ನು ಕರೆಯುತ್ತಿದ್ದರು. ನಮ್ಮೂರಲ್ಲಿ ಆ ನಾಲಗೆಗೆ ಅಷ್ಟು ಬೆಲೆ.

ಅಜ್ಜಿ ಬೊಗಸೆಯಲ್ಲಿ ನೀರು ಹಿಡಿದು, ಬಾಯಿಯಲ್ಲಿ ಆಡಿಸಿ, ಕಣ್ಣು ಮುಚ್ಚಿದರು. ಒಂದು ಕಾಳು ಉಪ್ಪಿಲ್ಲ, ಎಳನೀರಿನ ಹಾಗೆ ಉಂಟು ಎಂದರು. ಮಾವ ಸಿಲ್ವೆಸ್ಟರರ ಕಡೆ ತಿರುಗಿ, ಬೇಸಗೆಯಲ್ಲಿ ಉಪ್ಪಾಗುತ್ತದಾ ಎಂದು ಕೇಳಿದರು. ಸಿಲ್ವೆಸ್ಟರ್ ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು.

"ಇಲ್ಲಿ ಎಂತ ಉಪ್ಪು ಮಾರಾಯ್ರೆ? ಯಾವ ಬೇಸಗೆಗೂ ಉಪ್ಪಾಗುವುದಿಲ್ಲ."

ಸುಳ್ಳಲ್ಲ ಅದು. ಮಾವ ನೀರಿಗೆ ಹತ್ತಕ್ಕೆ ಹತ್ತು ಕೊಟ್ಟರು. ಸ್ಥಳದಲ್ಲೇ ಮುಂಗಡದ ಮಾತಾಯಿತು. ಏಪ್ರಿಲಿನಲ್ಲಿ ಬಿಸು ಹಬ್ಬ ಕಳೆದ ಮೇಲೆ ರಿಜಿಸ್ಟ್ರಿ, ಅಲ್ಲಿಯವರೆಗೆ ಬೇಕಾದರೆ ಇದ್ದು ನೋಡಿ ಎಂದು ಸಿಲ್ವೆಸ್ಟರ್ ಬೀಗದ ಕೈ ಕೊಟ್ಟರು. ಮಣ್ಣಿಗೆ, ಗಾಳಿಗೆ, ನಾಯಿಗೆ ಮಾರ್ಕು ಕೊಟ್ಟವರು, ಆ ಮಣ್ಣಿನಲ್ಲಿ ಬಗ್ಗಿ ಕೆಲಸ ಮಾಡುವವರು ಯಾರು ಎಂಬುದಕ್ಕೆ ಮಾರ್ಕು ಇಡಲಿಲ್ಲ. ಮೊಣಕಾಲು ಬಗ್ಗದವರು ಒಬ್ಬರು, ಎಂಬತ್ತರ ಹತ್ತಿರದವರು ಒಬ್ಬರು, ಕೌಂಟರಿಗೆ ಹೋಗುವವಳು ಒಬ್ಬಳು. ಉಳಿದದ್ದು ಯಾರು ಎಂದು ಕೈ ಬೆರಳು ಮಡಚಿದವರಿಗೂ ಗೊತ್ತಾಗುತ್ತದೆ.

ಆ ವಾರ ಕಾಪುವಿನಲ್ಲಿ ಊಟಕ್ಕೆ ಕೂತಾಗ ಮಾವ ಕುಕ್ಕುಂದೂರಿಗೆ ಹೋಗುವ ಏರ್ಪಾಡು ಹೇಳಿದರು. ಎಲ್ಲರೂ ಹೋಗುವುದು, ಈ ಮನೆಗೆ ಬೀಗ. ಉಪ್ಪು, ಬೆಂಕಿಪೆಟ್ಟಿಗೆ, ಕುಚ್ಚಲಕ್ಕಿ ಬಿಟ್ಟು ಅಂಗಡಿಯಿಂದ ಒಂದು ಸಾಮಾನೂ ತರುವುದಿಲ್ಲ, ಅಕ್ಕಿಯೂ ಮುಂದಿನ ವರ್ಷದಿಂದ ನಮ್ಮದೇ. ನನಗೆ ಮಾತ್ರ ಕೆಲಸಕ್ಕೆ ಹೋಗಲು ರಿಯಾಯಿತಿ ಉಂಟಂತೆ. ಸಂಬಳ ತರುವ ಸ್ವಾವಲಂಬನೆಗೆ ಅವರ ತಕರಾರು ಇರಲಿಲ್ಲ. ಆಮೇಲೆ ಅತ್ತೆಯ ಕಡೆ ನೋಡಿ, ಹಿರಿಯಡ್ಕ ಇನ್ನು ಸಾಕು ಎಂದರು.

ಅತ್ತೆ ಸಾರು ಬಡಿಸುತ್ತಿದ್ದರು. ಸೌಟು ಕೆಳಗಿಡದೆ ಹೇಳಿದರು: "ಬಿಸುವರೆಗೆ ಕುಕ್ಕುಂದೂರಿಗೆ ಬರುತ್ತೇನೆ. ಮಣೆ ಅಲ್ಲೇ ಇರಲಿ."

"ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟರೆ ಭೂಮಿ ಕೈಗೆ ಹತ್ತುವುದಿಲ್ಲ."

"ಜಾಗ ಹೇಗೆ ಉಂಟೆಂದು ನೀವು ನೋಡಿದಿರಿ ಅಲ್ವಾ, ಹತ್ತು ಸಲ? ನಾನೂ ಇದ್ದು ನೋಡಬೇಕು. ಸರಿಯಾದರೆ ನಾನೇ ಹೋಗಿ ಮಣೆ ಎತ್ತಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟುವುದು ಬೇಡ."

ಅಜ್ಜಿ ಅದು ನ್ಯಾಯ ಎಂದರು. ತಾಯಿಯೂ ಹೆಂಡತಿಯೂ ಒಂದೇ ಕಡೆ ಆದದ್ದು ಆ ಮನೆಯಲ್ಲಿ ಅಪರೂಪ, ಮಾವ ಅನ್ನ ಕಲಸಿಕೊಂಡು, ಬಿಸುವರೆಗೆ ಮಾತ್ರ ಎಂದರು. ಮರುದಿನ ಅತ್ತೆ ಹಿರಿಯಡ್ಕಕ್ಕೆ ಹೋಗಿ ಮಣೆ ಮಗುಚಿ, ಮೇಲೆ ಒಂದು ಗೋಣಿ ಹೊದಿಸಿ, ಪಕ್ಕದ ಜಾಗದ ಸುಗಂಧಿಗೆ ನೋಡಿಕೊಳ್ಳಲು ಹೇಳಿ ಬಂದರು.

ಜನವರಿಯಲ್ಲಿ ಕುಕ್ಕುಂದೂರಿಗೆ ಹೋದೆವು. ಮೊದಲ ವಾರಗಳು ಚಂದವೇ ಇದ್ದವು, ಸುಳ್ಳು ಯಾಕೆ ಹೇಳಲಿ? ಅತ್ತೆ ಮಣ್ಣು ಅಗೆದು ಹರಿವೆ, ಬಸಳೆ, ಬೆಂಡೆ ಹಾಕಿದರು. ಮಾವ ಕುರ್ಚಿಯಲ್ಲಿ ಕೂತು ಸಾಲು ಓರೆಯಾಗಿದೆ ಎಂದರು. ಕಾರ್ಕಳದ ಸಂತೆಯಿಂದ ಕೋಳಿಗಳು ಬಂದವು, ಅವುಗಳಿಗೆ ಗೂಡು ಆಯಿತು. ಸೌದೆ ಒಲೆಯ ಹೊಗೆಗೆ ಅಜ್ಜಿ ಕೆಮ್ಮಿದರು. ನಾನು ಬೆಳಿಗ್ಗೆ ಬಸ್ಸು ಹತ್ತಿ ಹಿರಿಯಡ್ಕದ ಮೇಲೆ ಮಣಿಪಾಲಕ್ಕೆ ಹೋಗುತ್ತಿದ್ದೆ, ಸಂಜೆ ಬರುವಾಗ ಅತ್ತೆಯ ಅಂಗೈಯಲ್ಲಿ ಹೊಸ ಗುಳ್ಳೆ ಕಾಣುತ್ತಿತ್ತು. ಒಂದು ದಿನ ಅವರ ಮಾತಿಗೆ ಹಿರಿಯಡ್ಕದಲ್ಲಿ ಇಳಿದು ಮಾರ್ಕೆಟಿನ ಒಳಗೆ ನೋಡಿ ಬಂದೆ. ಮಣೆ ಗೋಣಿಯ ಕೆಳಗೆ ಇತ್ತು. ಉಂಟು ಎಂದು ಹೇಳಿದಾಗ ಅತ್ತೆ ಆ ದಿನ ಎರಡು ಸೌಟು ಗಂಜಿ ಹೆಚ್ಚು ಉಂಡರು.

ಗಂಜಿಗೆ ನಂಜಿಕೊಳ್ಳಲು ಹರಿವೆ, ಮರುದಿನ ಬಸಳೆ, ಅದರ ಮರುದಿನ ಮತ್ತೆ ಹರಿವೆ. ಕಾಪುವಿನಿಂದ ತಂದ ಒಣ ಮೀನು ಮುಗಿಯಿತು. ಹುಟ್ಟಿದಂದಿನಿಂದ ಮೀನಿಲ್ಲದೆ ಉಂಡು ಗೊತ್ತಿಲ್ಲದ ಅಜ್ಜಿ ಬಟ್ಟಲಿನಲ್ಲಿ ಅರ್ಧ ಗಂಜಿ ಬಿಡತೊಡಗಿದರು. ಬೆಳಿಗ್ಗೆ ಹತ್ತರ ಸುಮಾರಿಗೆ ಬೈಕಿನ ಮೀನಿನವನು ಹಾರ್ನು ಹೊಡೆಯುತ್ತಾ ಕೆಳಗಿನ ರಸ್ತೆಯಲ್ಲಿ ಹೋಗುವಾಗ ಅವರು ಜಗಲಿಗೆ ಬಂದು ಕೂರುತ್ತಿದ್ದರು. ಮಾವ ಆ ಹಾರ್ನಿಗೆ ಕಿವುಡರಾಗಿದ್ದರು.

ನನಗೆ ರಜೆ ಇದ್ದ ಒಂದು ದಿನ ಅತ್ತೆ ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಇಳಿದರು. ಮೀನಿನವನ ಪೆಟ್ಟಿಗೆಯ ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ಮೊನ್ನೆಯದ್ದು, ಐಸಿನಲ್ಲಿ ಮಲಗಿದ್ದು ಎಂದು ಅವನ ಮುಖಕ್ಕೇ ಹೇಳಿ, ಅರ್ಧ ರೇಟಿಗೆ ತಂದರು. ಮಧ್ಯಾಹ್ನ ಮಾವ ಬಟ್ಟಲಿನ ಮುಂದೆ ಕೂತು ಸ್ವಲ್ಪ ಹೊತ್ತು ಮೀನನ್ನೇ ನೋಡಿದರು. ನಿಯಮ ಎಂದರೆ ನಿಯಮ, ಇಂಥ ಸಣ್ಣ ಸಣ್ಣ ಆಸೆಗೆ ಸೋತರೆ ಸ್ವಾವಲಂಬನೆ ಮಣ್ಣುಪಾಲು ಎಂದು ಶುರು ಮಾಡಿದರು. ಅತ್ತೆ ಬಟ್ಟಲು ತೆಗೆಯಲು ಕೈ ಚಾಚಿದರು. ಮಾವ ತೆಗೆಯಲು ಬಿಡಲಿಲ್ಲ. ಎರಡು ಮೀನು ಮುಗಿಸಿ, ಮುಳ್ಳು ಚೀಪುತ್ತಾ, ಇದು ಕೊನೆ ಎಂದರು.

ಅವರಿಗೆ ಒಳಗೊಳಗೆ ಸಿಟ್ಟು ಬರಲು ಶುರುವಾದದ್ದು ಆಗ ಎಂದು ಈಗ ಅನಿಸುತ್ತದೆ. ಕುಶಲಾಳ ಮನಸ್ಸು ಇಲ್ಲಿ ಇಲ್ಲ, ಹಿರಿಯಡ್ಕದಲ್ಲಿ ಉಂಟು ಎಂದು ನನ್ನ ಹತ್ತಿರವೂ, ಅಜ್ಜಿಯ ಹತ್ತಿರವೂ, ಫೋನಿನಲ್ಲಿ ಜಿತೇಂದ್ರನ ಹತ್ತಿರವೂ ಹೇಳಿದರು. ಶಿವರಾತ್ರಿಯ ಮುಂಚಿನ ದಿನ ಮೊಣಕಾಲಿನ ಎಣ್ಣೆಗೆ ಉಡುಪಿಗೆ ಹೋಗಬೇಕು ಎಂದು, ಒಂದು ಚೀಲ ಬಸಳೆಯನ್ನೂ ಹೊತ್ತುಕೊಂಡು ಬಸ್ಸು ಹತ್ತಿದರು. ವೈದ್ಯರಿಗೆ ಕೊಡಲಿಕ್ಕೆ ಇರಬೇಕು ಎಂದು ನಾವು ಎಣಿಸಿದೆವು. ಸಂಜೆ ಬಂದವರು ಭಾರೀ ಖುಷಿಯಲ್ಲಿದ್ದರು. ಅದರ ಮುಂಚೆ ಒಂದು ಕೋಳಿಯನ್ನು ಮುಂಗುಸಿ ಹೊತ್ತುಕೊಂಡು ಹೋಗಿತ್ತು. ಆ ವಾರ ಮಾವ ತಾವೇ ಮೊಳೆ ಹೊಡೆದು ಗೂಡಿಗೆ ಒಂದು ಗಟ್ಟಿ ಬಾಗಿಲು ಮಾಡಿ, ಅದಕ್ಕೆ ಬೋಟಿನ ನೀಲಿ ಬಣ್ಣ ಬಳಿದರು. ಆ ಜಾಗದಲ್ಲಿ ಅವರು ಸ್ವಂತ ಕೈಯಿಂದ ಮಾಡಿದ ಕೆಲಸ ಅದೊಂದೇ. ಅತ್ತೆ ದಿನಾ ಸಂಜೆ ಕೋಳಿಗಳನ್ನು ಒಳಗೆ ಓಡಿಸಿ ಆ ಬಾಗಿಲು ಹಾಕುತ್ತಿದ್ದರು, ಬೆಳಿಗ್ಗೆ ತೆಗೆಯುತ್ತಿದ್ದರು.

ಬಾವಿಯ ಹಗ್ಗಕ್ಕೆ ಅಷ್ಟರಲ್ಲೇ ಎರಡು ಸಲ ಗಂಟು ಹಾಕಿ ಉದ್ದ ಮಾಡಿದ್ದೆವು. ನೀರು ಕೆಳಗೆ ಹೋದದ್ದು ನಮಗೆ ಕಂಡಿತ್ತು, ಆದರೆ ನಿಲ್ಲುತ್ತದೆ ಎಂದೇ ಎಲ್ಲರ ಎಣಿಕೆ. ಕೆಳಗೆ ಹೋಗಿ ಹೋಗಿ ನೀರು ಇಲ್ಲದೇ ಹೋಗುವುದುಂಟು ಎಂದು ಕಡಲ ಬದಿಯವರಿಗೆ ತಲೆಗೆ ಹೋಗುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಕೊಡದಲ್ಲಿ ಕೆಸರು ಬಂತು. ಅಜ್ಜಿಗೆ ಕುಡಿಯಲು ಕೊಟ್ಟರೆ, ಉಪ್ಪಿಲ್ಲ, ಕೆಸರು ಸೋಸಿದರೆ ಆಯಿತು ಎಂದರು. ಒರತೆ ಕಟ್ಟಿದೆ, ಬಾವಿ ಕೆರೆಯಬೇಕು ಎಂದು ಮಾವ ಒಬ್ಬನನ್ನು ಇಳಿಸಿದರು. ಅವನು ಕೆಳಗಿನಿಂದ ಮುರಕಲ್ಲಿನ ಚೂರು ಕಳಿಸಿದ, ನೀರು ಕಳಿಸಲಿಲ್ಲ. ಮಾರ್ಚ್ ಮಧ್ಯದಲ್ಲಿ ಕೊಡ ಕಲ್ಲಿಗೆ ಬಡಿದು ಟಣ್ ಎಂದಿತು.

ಪಕ್ಕದ ಮನೆಯ ಎಲಿಜಬೆತ್ ಬಾಯಿಗೆ ಕೈ ಹಿಡಿದರು. ಈ ಗುಡ್ಡೆಯಲ್ಲಿ ಎಲ್ಲರ ಬಾವಿಯೂ ಹೀಗೆಯೇ, ಜಾಗ ನೋಡಲು ಬಂದವರು ಎಲ್ಲರೂ ಎಷ್ಟು ತಿಂಗಳು ನೀರು ಎಂದೇ ಮೊದಲು ಕೇಳುವುದು, ನೀವು ಕೇಳಲಿಲ್ಲ, ಬೋರು ತೆಗೆಯುವವರು ಇರಬೇಕು ಎಂದುಕೊಂಡೆವು ಎಂದರು. ಮಾವ ಸಿಲ್ವೆಸ್ಟರರಿಗೆ ಫೋನು ಮಾಡಿ ಕೂಗಾಡಿದರು. ಸಿಲ್ವೆಸ್ಟರ್ ಕೂಗಾಡಲಿಲ್ಲ. ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು.

"ನೀವು ಉಪ್ಪು ಉಂಟಾ ಎಂದು ಕೇಳಿದಿರಿ. ಇಲ್ಲ ಎಂದೆ. ಇವತ್ತಿಗೂ ಇಲ್ಲ ಅಲ್ವಾ?"

ಬೋರಿಗೆ ಬ್ಯಾಂಕಿನಲ್ಲಿದ್ದದ್ದೆಲ್ಲ ಹಾಕಿದರೆ ರಿಜಿಸ್ಟ್ರಿಗೆ ಎಂತ ಇಡುವುದು? ಕೆಳಗಿನ ರಸ್ತೆಯ ಬದಿಯಲ್ಲಿ ಪಂಚಾಯತಿನ ಟ್ಯಾಂಕಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಅಲ್ಲಿಂದ ಗುಡ್ಡೆಯ ಮೇಲೆ ಹೊರಬೇಕು. ನಾನು ಕೆಲಸಕ್ಕೆ ಹೋಗುವ ಮೊದಲು ಎರಡು ಕೊಡ ಹೊರುತ್ತಿದ್ದೆ, ಉಳಿದದ್ದೆಲ್ಲ ಅತ್ತೆ. ಕುಡಿಯಲು, ಅಡಿಗೆಗೆ, ಅಜ್ಜಿಯ ಸ್ನಾನಕ್ಕೆ, ಕೋಳಿಗೆ, ಮತ್ತೆ ಬಸಳೆಗೆ. ಬಸಳೆ ಒಣಗಲಿ ಎಂದು ಅತ್ತೆ ಹೇಳಿದ್ದಕ್ಕೆ, ಇದು ಪರೀಕ್ಷೆಯ ಕಾಲ, ಈಗ ಕೈಬಿಟ್ಟರೆ ಎಲ್ಲ ಮಾಡಿದ್ದು ವ್ಯರ್ಥ ಎಂದು ಮಾವ ಕುರ್ಚಿಯಿಂದ ಹೇಳಿದರು. ಜಿತೇಂದ್ರ ಬಂದ ಎರಡು ದಿನ ನೀರು ಹೊತ್ತ, ಅಪ್ಪನಿಗೆ ಎರಡು ಮಾತು ಹೇಳಿದ, ಮತ್ತೆ ಕಡಲಿಗೆ ಹೋದ. ಅವನಿಗೆ ಹೋಗಲು ಒಂದು ಕಡಲು ಉಂಟು.

ಒಂದು ಸಂಜೆ ಅತ್ತೆ ಕೊನೆಯ ಕೊಡವನ್ನು ಜಗಲಿಯಲ್ಲಿ ಇಳಿಸಿ, ಅಲ್ಲೇ ಕೂತರು.

"ನಾಳೆಯಿಂದ ನಾನು ಹಿರಿಯಡ್ಕಕ್ಕೆ ಹೋಗುತ್ತೇನೆ," ಎಂದರು. "ಜಾಗ ನೋಡಿ ಆಯಿತು ನನಗೆ."

ಮಾವ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಬಿಸುವರೆಗೆ ಎಂದು ಮಾತು ಕೊಟ್ಟಿದ್ದಿ ಎಂದು ಸಣ್ಣ ಸ್ವರದಲ್ಲಿ ಹೇಳಿದರು, ಅಷ್ಟೇ. ಬಾವಿಯಲ್ಲಿ ಬಿಸುವರೆಗೆ ನೀರು ತುಂಬಿಸಿ, ನಾನೂ ನಿಲ್ಲುತ್ತೇನೆ ಎಂದರು ಅತ್ತೆ. ಮಣೆಯ ಮಾತು ಮಾವ ಆಗಲೂ ಎತ್ತಲಿಲ್ಲ. ಎದ್ದು ಕೋಳಿಗೂಡಿನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಅತ್ತೆ ಟೆಂಪೊದವನಿಗೆ ಫೋನು ಮಾಡಿ, ಒಂದು ಬುಟ್ಟಿ ಬಂಗುಡೆ ಹಿರಿಯಡ್ಕದಲ್ಲಿ ಇಳಿಸಲು ಹೇಳಿದರು. ಸುಗಂಧಿಗೆ ಹೇಳಲಿಲ್ಲ. ತನ್ನ ಜಾಗಕ್ಕೆ ತಾನು ಹೋಗಲು ಯಾರಿಗೆ ಯಾಕೆ ಹೇಳಬೇಕು ಎಂದರು. ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟಿದ್ದರು. ನನಗೆ ರಜೆ ಇತ್ತು, ಜೊತೆಗೆ ಹೋದೆ. ಬಸ್ಸಿನಲ್ಲಿ ಅವರು ಬಹಳ ಮಾತಾಡಿದರು, ಮೂರು ತಿಂಗಳಲ್ಲಿ ಆಡದಷ್ಟು.

ಎರಡನೇ ಕಂಬದ ಬದಿಯಲ್ಲಿ ದೀಕ್ಷಿತಾ ಎಂಬ ಹುಡುಗಿ ಕೂತಿದ್ದಳು. ಹೆಜಮಾಡಿಯವಳು, ನನ್ನದೇ ಪ್ರಾಯ, ಹೊಸ ಪ್ಲಾಸ್ಟಿಕ್ ಮಣೆ. ಅತ್ತೆ ಮೊದಲು ಅವಳನ್ನು ನೋಡಲಿಲ್ಲ, ಅವಳ ಕಾಲ ಬಳಿ ಗೋಣಿ ಹುಡುಕಿದರು. ಸುಗಂಧಿ ಕತ್ತಿ ಕೆಳಗಿಟ್ಟು ಎದ್ದರು.

"ನೀನೇ ಕಳಿಸಿದ್ದು ಅಲ್ವಾ?" ಎಂದರು ಸುಗಂಧಿ. "ಶಿವರಾತ್ರಿಯ ಮುಂಚಿನ ದಿನ ನಿನ್ನ ಗಂಡ ಬಂದರು. ಕುಶಲಾ ಇನ್ನು ಬರುವುದಿಲ್ಲ, ಅವಳೇ ಹೇಳಿ ಕಳಿಸಿದ್ದಾಳೆ ಎಂದು ಮಣೆ ಎತ್ತಿಕೊಂಡರು. ನಮಗೆಲ್ಲ ಒಂದೊಂದು ಕಟ್ಟು ಬಸಳೆ ಕೊಟ್ಟರು. ನಾನು ಅದಕ್ಕೆ ಮರುವಾಯಿ ಚಿಪ್ಪು ಹಾಕಿ ಪದಾರ್ಥ ಮಾಡಿ ತಿಂದೆ ಮಾರಾಯ್ತಿ."

ಆ ಬಸಳೆಯನ್ನು ನೆಟ್ಟವರು, ನೀರು ಹೊಯ್ದವರು, ಕೊಯ್ದು ಕಟ್ಟು ಕಟ್ಟಿದವರು ಅತ್ತೆಯೇ. ತನ್ನ ಜಾಗ ಹೋದದ್ದಕ್ಕೆ ತಾನೇ ಸಿಹಿ ಹಂಚಿದ ಹಾಗಾಯಿತು. ಅಲ್ಲಿ ಯಾರ ಮೇಲೆ ಕೂಗುವುದು? ಯಾರದ್ದೂ ತಪ್ಪಿಲ್ಲ. ದೀಕ್ಷಿತಾ ಹೆದರಿ ಎದ್ದು ನಿಂತಿದ್ದಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿದರು.

"ಕೂತುಕೋ. ಮಣೆ ಎತ್ತಿದ ಮೇಲೆ ಜಾಗ ನಿನ್ನದು."

ಹೊಸತಾಗಿ ಬಂದವರು ಕೂರುವುದು ಮಾರ್ಕೆಟಿನ ಗೇಟಿನ ಹೊರಗೆ, ಚರಂಡಿಯ ಬದಿಯಲ್ಲಿ. ತಲೆಯ ಮೇಲೆ ಮಾಡು ಇಲ್ಲ. ಅತ್ತೆ ಐಸಿನ ಪೆಟ್ಟಿಗೆಯೊಂದನ್ನು ಮಗುಚಿ ಅದರ ಮೇಲೆ ಕೂತು ಬಿಸಿಲಿನಲ್ಲಿ ಬಂಗುಡೆ ಮಾರಿದರು. ಹಳೆಯ ಗಿರಾಕಿಗಳು ಅವರ ಮುಂದಿನಿಂದಲೇ ಒಳಗೆ ಹೋಗಿ, ಎರಡನೇ ಕಂಬದ ಹತ್ತಿರ ಮೀನು ತೆಗೆದುಕೊಂಡು ಬಂದರು. ಅಭ್ಯಾಸ ಬಲ, ಅವರನ್ನು ಎಂತ ಹೇಳುವುದು? ಕೆಲವರು ಹೊರಗೆ ಬರುವಾಗ ಅತ್ತೆಯನ್ನು ನೋಡಿ ಇಲ್ಲಿ ಯಾಕೆ ಎಂದು ಕೇಳಿದರು. ಅತ್ತೆ ನಗೆ ತಂದುಕೊಂಡು, ಗಾಳಿಗೆ ಎಂದರು.

ಮಧ್ಯಾಹ್ನದ ಬಸ್ಸಿಗೆ ಕುಕ್ಕುಂದೂರಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಮಣೆ ಎಲ್ಲಿ ಎಂದು ಕೇಳಿದರು. ಮಾವ ಕಾಪುವಿನ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ ಎಂದರು. ಆಮೇಲೆ ಬಾಯಿಗೆ ಧೈರ್ಯ ಬಂತು. ತಾನು ಮಾಡಿದ್ದು ಮನೆಯ ಒಳ್ಳೆಯದಕ್ಕೆ, ನಾಲ್ಕು ಜನರ ಮನಸ್ಸು ಒಂದೇ ಕಡೆ ಇರಬೇಕು, ಗಡ್ಡದವನೂ ಅದನ್ನೇ ಹೇಳಿದ್ದಾನೆ, ಹಿಂದೆ ಹೋಗುವ ದಾರಿ ತೆರೆದಿಟ್ಟರೆ ಯಾರೂ ಮುಂದೆ ಹೋಗುವುದಿಲ್ಲ. ನಿನ್ನ ಮನಸ್ಸು ಪೂರ್ತಿ ಇಲ್ಲಿದ್ದಿದ್ದರೆ ಈ ಜಾಗ ಗೆಲ್ಲುತ್ತಿತ್ತು ಎಂದರು.

"ಬಾವಿ ಬತ್ತಿದ್ದು ನನ್ನ ಮಣೆಯಿಂದ ಅಲ್ಲ ಅಲ್ವಾ?" ಎಂದರು ಅತ್ತೆ.

ಅತ್ತೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಹಗಲಿನಲ್ಲಿ ಅವರು ಮಲಗಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು. ಸಂಜೆ ಕೋಳಿಗಳು ಅಂಗಳದಲ್ಲಿ ಗಲಾಟೆ ಮಾಡಿದಾಗಲೂ ಏಳಲಿಲ್ಲ. ನಾನು ಒಲೆಯ ಮುಂದೆ ಇದ್ದೆ. ಅಜ್ಜಿ ಕೋಲು ಹಿಡಿದು ಮೆಲ್ಲ ಮೆಲ್ಲ ಹೋಗಿ ಕೋಳಿಗಳನ್ನು ಒಳಗೆ ಓಡಿಸಿದರು. ಬಾಗಿಲು ಹಾಕಿದ ಮೇಲೆ ಅವರ ಕೈ ಅಲ್ಲೇ ನಿಂತಿತು. ಬೆರಳುಗಳು ಹಲಗೆಯ ಅಂಚಿನಲ್ಲಿ ಹೋದವು, ಹಿಂದೆ ಬಂದವು, ಮತ್ತೆ ಹೋದವು.

"ಕುಶಲಾ," ಎಂದು ಅಲ್ಲಿಂದಲೇ ಕರೆದರು. "ಇಲ್ಲಿ ಬಾ. ಇದು ನನ್ನ ಮಣೆ."

ನೀಲಿ ಬಣ್ಣದ ಕೆಳಗೆ ಕತ್ತಿಯ ಕಚ್ಚುಗಳು ಸಾಲಾಗಿ ಇದ್ದವು. ಕಾಲುಗಳನ್ನು ಕಿತ್ತು, ಮಗುಚಿ, ಕೀಲು ಹೊಡೆದಿದ್ದರು. ಅತ್ತೆ ಅದರ ಮುಂದೆ ನಿಂತು ತಮ್ಮ ಕೈ ನೋಡಿಕೊಂಡರು. ದಿನಕ್ಕೆ ಎರಡು ಸಲ ಆ ಕೈಯಿಂದಲೇ ಆ ಬಾಗಿಲು ತೆಗೆದದ್ದು, ಹಾಕಿದ್ದು ಅಲ್ಲವೇ? ಮಾವ ಜಗಲಿಯಿಂದ, ಗಟ್ಟಿ ಮರ, ವ್ಯರ್ಥ ಮಾಡಬಾರದು ಎಂದು ಎಂತದೋ ಹೇಳಿದರು. ಅಜ್ಜಿ ಮಗನ ಕಡೆ ತಿರುಗಿ, ನಿನ್ನ ಅಪ್ಪ ಆ ಹಲಗೆಯ ದೋಣಿಯಲ್ಲಿ ನಿನಗೆ ಅನ್ನ ತಂದದ್ದು, ನಾನು ಅದರ ಮೇಲೆ ಕೂತು ನಿನ್ನನ್ನು ದೊಡ್ಡ ಮಾಡಿದ್ದು, ನೀನು ಅದರ ಮೇಲೆ ಕೋಳಿ ಹಿಕ್ಕೆ ಹಾಕಿಸಿದಿ ಎಂದರು. ಅತ್ತೆ ಸೌದೆಯ ಕತ್ತಿ ತಂದು ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಕೋಳಿಗಳು ಹೊರಗೆ ಬಂದು ಗುಡ್ಡೆಯ ಕಡೆ ಹೋದವು. ಯಾರೂ ಅವುಗಳ ಹಿಂದೆ ಹೋಗಲಿಲ್ಲ.

ಬಿಸು ಬರುವ ಮೊದಲೇ ಕಾಪುವಿಗೆ ವಾಪಸಾದೆವು. ಸಿಲ್ವೆಸ್ಟರ್ ಮುಂಗಡದಲ್ಲಿ ಅರ್ಧ ತಿರುಗಿ ಕೊಟ್ಟರು, ಅರ್ಧ ಕೊಡಲಿಲ್ಲ. ಜಿತೇಂದ್ರ ಮಣೆಗೆ ಮತ್ತೆ ಕಾಲು ಹೊಡೆದ. ಬಣ್ಣ ಕೆರೆದು ನೋಡಿದ, ಬೋಟಿಗೆ ಹಾಕುವ ಬಣ್ಣ, ಹೋಗಲಿಲ್ಲ. ಈಗ ಅತ್ತೆ ಗೇಟಿನ ಹೊರಗೆ ಅದೇ ನೀಲಿ ಮಣೆಯ ಮೇಲೆ, ಒಂದು ಹರಿದ ಕೊಡೆ ಕಟ್ಟಿಕೊಂಡು ಕೂರುತ್ತಾರೆ. ಮೊದಲಿನ ಅರ್ಧದಷ್ಟೂ ಮೀನು ಹೋಗುವುದಿಲ್ಲ, ಬಿಸಿಲಿಗೆ ಉಳಿದದ್ದು ಹಾಳಾಗುತ್ತದೆ. ಜೂನಿನಲ್ಲಿ ಮಳೆ ಬಂದರೆ ಚರಂಡಿ ಉಕ್ಕುತ್ತದೆ, ಆಗ ಎಂತ ಮಾಡುವುದು ಎಂದು ನಾನು ಕೇಳಿದರೆ ಮಾತು ಬದಲಿಸುತ್ತಾರೆ. ರಜೆಯ ದಿನ ನಾನು ಹೋಗಿ ಒಟ್ಟಿಗೆ ಕೂರುತ್ತೇನೆ. ಎರಡನೇ ಕಂಬದ ಜಾಗ ಮುಂದೆ ನನಗೆ ಬರಬೇಕಾದದ್ದು ಎಂದು ಇದ್ದಾಗ ನನಗೆ ಅಲ್ಲಿಯ ಮೀನಿನ ವಾಸನೆ ಸೇರುತ್ತಿರಲಿಲ್ಲ.

ಮೊನ್ನೆ ಸಂಜೆ ಅತ್ತೆ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಅಜ್ಜಿ ನೀರು ಬಾಯಿಗೆ ಹಾಕಿ, ಈ ಸಲ ಬೇಗ ಉಪ್ಪಾಯಿತು ಎಂದು ಉಗುಳಿದರು. ಮಾವ ಮೊಬೈಲು ಕಿಸೆಗೆ ಹಾಕಿಕೊಂಡು ಬಂದು ನಿಂತರು. ಮುಖದಲ್ಲಿ ಕಳೆ ಉಂಟು. ಹೆಬ್ರಿಯ ಹತ್ತಿರ ಒಂದು ಜಾಗ ಬಂದಿದೆ, ಹೊಳೆಯ ಬದಿ, ಈ ಸಲ ತಾನು ಸರಿಯಾಗಿ ಕೇಳಿದ್ದೇನೆ, ಮೇ ಕೊನೆಗೂ ಬಾವಿಯಲ್ಲಿ ಆಳುದ್ದ ನೀರು, ಫೋನಿನಲ್ಲೇ ನೀರಿಗೆ ಒಂಬತ್ತು ಕೊಟ್ಟಿದ್ದೇನೆ ಎಂದರು. ನಾಳೆ ಹೋಗಿ ನೋಡಿ ಬರಬೇಕು. ಆಮೇಲೆ, ಬ್ಯಾಂಕಿನದ್ದು ಜಾಗಕ್ಕೆ ಇಟ್ಟದ್ದು, ಬಸ್ಸಿಗೆ ಹಣ ಬೇಕಿತ್ತು ಎಂದು ಕೈ ಮುಂದೆ ಮಾಡಿದರು.

ಅತ್ತೆ ಬುಟ್ಟಿಯನ್ನು ಮಗುಚಿ, ಬುಡಕ್ಕೆ ಅಂಟಿದ ಪೊರೆಯನ್ನು ಉಗುರಿನಿಂದ ಕೆರೆದು ತೆಗೆದರು. ತಲೆ ಎತ್ತಲಿಲ್ಲ.

"ಸ್ವಾವಲಂಬಿ ಅಲ್ವಾ ನೀವು?" ಎಂದರು. "ನಡೆದುಕೊಂಡು ಹೋಗಿ."